ಸಿನಿಮಾದ ಅರ್ಧ ಕತ್ತಲೆ

14,000 ಅಡಿ ಉದ್ದದ ಒಂದು ಹಳೇ ಕನ್ನಡ ಸಿನಿಮಾ ಇದೆ ಅಂದುಕೊಳ್ಳಿ. 35 ಎಂಎಂ ಫಿಲಂನಲ್ಲಿ ಅಡಿಗೆ 16 ಚಿತ್ರ. ಸೆಕೆಂಡಿಗೆ 24 ಚಿತ್ರ ಓಡಬೇಕು, ಅಂದರೆ ನಿಮಿಷಕ್ಕೆ 90 ಅಡಿ. ಇಡೀ ಸಿನಿಮಾ ಮುಗಿಯಲು 2 ಗಂಟೆ 35 ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಪರದೆಯ ಮೇಲೆ ಬೆಳಕು ಬೀಳುತ್ತಿದ್ದದ್ದು ಹೆಚ್ಚುಕಡಿಮೆ 1 ಗಂಟೆ 17 ನಿಮಿಷ. ಉಳಿದಷ್ಟೂ ಹೊತ್ತು ಪರದೆ ಕಪ್ಪಗಿರುತ್ತಿತ್ತು. ಟಿಕೆಟ್ಟು ಕೊಂಡವರು ಯಾರೂ ಅರ್ಧ ದುಡ್ಡು ವಾಪಸ್ ಕೇಳಲಿಲ್ಲ. ಕತ್ತಲೆ ಇತ್ತು ಅನ್ನುವುದೇ ಅವರಿಗೆ ಗೊತ್ತಾಗಲಿಲ್ಲ.

ಜನಕ್ಕೆ ಸಿನಿಮಾ ಯಾಕೆ ಬೇಕು, ಕತೆ ಯಾಕೆ ಬೇಕು ಅಂತ ಕೇಳಿದರೆ ಸಿಗುವ ಉತ್ತರಗಳು ಗೊತ್ತೇ ಇವೆ: ಕಷ್ಟ ಮರೆಯೋದಕ್ಕೆ, ನೀತಿ ಕಲಿಯೋದಕ್ಕೆ, ಹೊತ್ತು ಕಳೆಯೋದಕ್ಕೆ. ಯಾವುದೂ ಸುಳ್ಳಲ್ಲ. ಆದರೆ ಈ ಉತ್ತರಗಳಲ್ಲೆಲ್ಲ ಪ್ರೇಕ್ಷಕ ಸುಮ್ಮನೆ ಕೂತಿರುತ್ತಾನೆ, ಸಿನಿಮಾ ಬಂದು ಅವನ ಮೇಲೆ ಬೀಳುತ್ತದೆ. ಆ 1 ಗಂಟೆ 18 ನಿಮಿಷದ ಕತ್ತಲೆಯಲ್ಲಿ ಕೆಲಸ ಮಾಡುತ್ತಿದ್ದವರು ಯಾರು ಅನ್ನುವ ಕಡೆಯಿಂದ ಹೊರಟರೆ ಬೇರೆ ಉತ್ತರ ಸಿಗುತ್ತದೆ.

ಮೊದಲು ಯಂತ್ರ. ಪ್ರೊಜೆಕ್ಟರಿನಲ್ಲಿ ಫಿಲಂ ನೀರಿನ ಹಾಗೆ ಹರಿಯುವುದಿಲ್ಲ. ಗೇಟು ಎಂಬ ಕಿಂಡಿಯ ಮುಂದೆ ಒಂದು ಚಿತ್ರ ಬಂದು ನಿಲ್ಲಬೇಕು, ಬೆಳಕು ಅದರೊಳಗಿಂದ ಹಾಯಬೇಕು, ಆಮೇಲೆ ಅದು ಸರಿದು ಮುಂದಿನದಕ್ಕೆ ಜಾಗ ಬಿಡಬೇಕು. ಹೀಗೆ ನಿಲ್ಲಿಸಿ ನಿಲ್ಲಿಸಿ ಎಳೆಯುವುದು ಮಾಲ್ಟೀಸ್ ಕ್ರಾಸ್ ಎಂಬ, ನಾಲ್ಕು ಸೀಳುಗಳಿರುವ ಉಕ್ಕಿನ ಬಿಲ್ಲೆ. ಪಕ್ಕದಲ್ಲಿ ಒಂದೇ ಸಮನೆ ತಿರುಗುವ ಚಕ್ರಕ್ಕೆ ಒಂದು ಗೂಟ. ಸುತ್ತಿಗೊಮ್ಮೆ ಆ ಗೂಟ ಒಂದು ಸೀಳಿನೊಳಗೆ ನುಗ್ಗಿ, ಕ್ರಾಸನ್ನು ಕಾಲು ಸುತ್ತು ತಿರುಗಿಸಿ, ಹೊರಗೆ ಬರುತ್ತದೆ. ಕ್ರಾಸಿನ ದಂಡಕ್ಕೆ ಕೂರಿಸಿದ ಸ್ಪ್ರಾಕೆಟ್ಟಿಗೆ (ಫಿಲಂ ಎಳೆಯುವ ಹಲ್ಲಿನ ಗಾಲಿಗೆ) 16 ಹಲ್ಲು. ಕಾಲು ಸುತ್ತಿಗೆ 4 ಹಲ್ಲು. ಫಿಲಂನಲ್ಲಿ ಒಂದು ಚಿತ್ರದ ಪಕ್ಕಕ್ಕೆ 4 ತೂತು. ಲೆಕ್ಕ ಚುಕ್ತಾ.

ಫಿಲಂ ಸರಿಯುವಾಗ ಬೆಳಕು ಬಿದ್ದರೆ ಪರದೆಯ ತುಂಬ ಮಸುಕು ಗೆರೆ. ಅದಕ್ಕೇ ಶಟರ್, ಬೆಳಕಿಗೆ ಅಡ್ಡವಾಗಿ ತಿರುಗುವ ತಟ್ಟೆ. ಸಾಮಾನ್ಯವಾಗಿ ಅದಕ್ಕೆ ಎರಡು ರೆಕ್ಕೆ, ಪ್ರತಿಯೊಂದೂ ಕಾಲು ವೃತ್ತದಷ್ಟು ಅಗಲ. ಒಂದು ರೆಕ್ಕೆ ಫಿಲಂ ಸರಿಯುವಾಗ ಬೆಳಕನ್ನು ಮುಚ್ಚುತ್ತದೆ. ಇನ್ನೊಂದು, ನಿಂತಿರುವ ಚಿತ್ರವನ್ನೇ ನಡುವೆ ಒಮ್ಮೆ ಮುಚ್ಚಿ ತೆಗೆಯುತ್ತದೆ. ಸೆಕೆಂಡಿಗೆ 24 ಸಲ ಮಿನುಗಿದರೆ ಕಣ್ಣಿಗೆ ಕುಕ್ಕಿದಂತಾಗುತ್ತದೆ, 48 ಸಲ ಮಿನುಗಿದರೆ ಬಹುತೇಕರಿಗೆ ತಿಳಿಯುವುದಿಲ್ಲ. ಮಿನುಗು ಕಾಣದಿರಲಿ ಅಂತ ಮಾಡಿದ್ದೇನು ನೋಡಿ: ಇರುವ ಕತ್ತಲೆಗೆ ಇನ್ನಷ್ಟು ಕತ್ತಲೆ ಸೇರಿಸಿದರು!

ಶಟರ್ ಕೂದಲೆಳೆಯಷ್ಟು ಹಿಂದುಮುಂದಾದರೆ ಟೈಟಲ್‌ನಲ್ಲಿ ಸಿಕ್ಕಿಬೀಳುತ್ತದೆ. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರಗಳಿಗೆ ಮೇಲಕ್ಕೋ ಕೆಳಕ್ಕೋ ಬಾಲ ಬರುತ್ತದೆ. ಗೇಟಿನ ಮೇಲೂ ಕೆಳಗೂ ಫಿಲಂ ಸಡಿಲವಾಗಿ ಕಮಾನಿನಂತೆ ಬಾಗಿರಬೇಕು. ಅದು ಲೂಪ್. ಒಂದೇ ಸಮನೆ ಓಡುವ ಸ್ಪೂಲಿಗೂ ನಿಂತು ಓಡುವ ಗೇಟಿಗೂ ನಡುವಿನ ರಾಜಿ ಅದು. ಕೆಳಗಿನ ಲೂಪ್ ಬಿಗಿದುಕೊಂಡರೆ ಚಿತ್ರ ಕುಣಿಯುತ್ತದೆ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ, ಬೇಗ ನಿಲ್ಲಿಸದಿದ್ದರೆ ತೂತುಗಳು ಹರಿಯುತ್ತವೆ. ಫಿಲಂ ಗೇಟಿನಲ್ಲಿ ಸಿಕ್ಕಿಕೊಂಡು ನಿಂತೇಬಿಟ್ಟರೆ ದೀಪದ ಕಾರ್ಬನ್ ಕಡ್ಡಿಗಳ ಉರಿಗೆ ನಾಯಕಿಯ ಮುಖದ ನಟ್ಟನಡುವೆ ಕಂದು ಗುಳ್ಳೆಯೊಂದು ಎದ್ದು ಹರಡುತ್ತದೆ. ಆ ಗುಳ್ಳೆ ಕಂಡ ತಕ್ಷಣ ಗಾಂಧಿ ಕ್ಲಾಸಿನಿಂದ ಏಳುತ್ತಿದ್ದ ಕೂಗನ್ನು ಕೇಳಿದವರು ಮರೆತಿರಲಾರರು.

ಯಂತ್ರ ಕೊಡುವುದು ಇಷ್ಟೇ: ನಿಂತ ಚಿತ್ರ, ಕತ್ತಲೆ, ನಿಂತ ಚಿತ್ರ, ಕತ್ತಲೆ. ಓಟ ಪರದೆಯ ಮೇಲೆ ಎಲ್ಲೂ ಇಲ್ಲ. ಚಿತ್ರ ಕ್ಷಣಕಾಲ ಕಣ್ಣಲ್ಲೇ ಉಳಿಯುತ್ತದೆ, ಅದಕ್ಕೇ ಓಡಿದಂತೆ ಕಾಣುತ್ತದೆ ಅಂತ ಶಾಲೆಯಲ್ಲಿ ಹೇಳಿಕೊಡುತ್ತಿದ್ದರು. ಆ ವಿವರಣೆ ಸಾಲದು. ಉಳಿಯುವುದೇ ಆದರೆ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರ ಆಗಬೇಕಿತ್ತು. 1912ರಲ್ಲಿ ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಟ್‌ಹೈಮರ್ ಎರಡು ಗೆರೆಗಳನ್ನು ಒಂದಾದ ಮೇಲೊಂದು ಬೆಳಗಿಸಿ ನೋಡಿದ. ತೀರಾ ನಿಧಾನವಾದರೆ ಮೊದಲೊಂದು, ಆಮೇಲೊಂದು. ತೀರಾ ಬೇಗವಾದರೆ ಎರಡೂ ಒಟ್ಟಿಗೆ. ನಡುವಣ ಒಂದು ವೇಗದಲ್ಲಿ ಮಾತ್ರ ಒಂದೇ ಗೆರೆ ಅಲ್ಲಿಂದ ಇಲ್ಲಿಗೆ ಸರಿದಂತೆ ಕಂಡಿತು. ಚಲನೆಯನ್ನು ಕಟ್ಟಿದ್ದು ಮಿದುಳು.

ಅದು ಅಲ್ಲಿಗೇ ನಿಲ್ಲುವುದಿಲ್ಲ. 1944ರಲ್ಲಿ ಮನಶ್ಶಾಸ್ತ್ರಜ್ಞರಾದ ಫ್ರಿಟ್ಸ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ಒಂದು ಪುಟ್ಟ ಸಿನಿಮಾ ಮಾಡಿದರು. ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ, ಬಾಗಿಲಿನಂತೆ ತೆರೆದು ಮುಚ್ಚುವ ಗೆರೆಯಿರುವ ಒಂದು ಆಯತ. ಅವು ಅತ್ತಿತ್ತ ಓಡಾಡುತ್ತವೆ, ಬೇರೇನೂ ಇಲ್ಲ. ನೋಡಿದ್ದನ್ನು ಬರೆಯಿರಿ ಅಂತ 34 ವಿದ್ಯಾರ್ಥಿಗಳಿಗೆ ಹೇಳಿದರೆ, ತ್ರಿಕೋನ ಸರಿಯಿತು, ವೃತ್ತ ಸರಿಯಿತು ಅಂತ ರೇಖಾಗಣಿತ ಬರೆದದ್ದು ಒಬ್ಬರೇ. ಉಳಿದವರಿಗೆಲ್ಲ ಅಲ್ಲಿ ಜೀವಗಳು ಕಂಡವು: ಅಟ್ಟಿಸಿಕೊಂಡು ಬರುವವನು, ಹೆದರಿ ಒಳಗೆ ಅವಿತವಳು, ಬಿಡಿಸಲು ಬಂದವನು. ಕಾಗದದ ತ್ರಿಕೋನಕ್ಕೇ ಸಿಟ್ಟು, ಭಯ ಕೊಡುವ ಮನಸ್ಸಿಗೆ, ಹಿಮ್ಮೇಳದ ಜೊತೆ ಮನುಷ್ಯರ ಮುಖ ಕೊಟ್ಟರೆ ಕೇಳಬೇಕೆ?

ಇದು ನಮ್ಮ ತೊಗಲುಗೊಂಬೆಯವರಿಗೆ ಯಾವ ಪ್ರಯೋಗವೂ ಇಲ್ಲದೆ ಗೊತ್ತಿತ್ತು. ಆಡಿನ ಚರ್ಮವನ್ನು ಬೆಳಕು ಹಾಯುವಷ್ಟು ತೆಳುವಾಗಿ ಹದ ಮಾಡಿ, ಒಡವೆ ಇರಬೇಕಾದ ಕಡೆ ಸಣ್ಣ ಸಣ್ಣ ತೂತು ಕೊರೆದು, ಎರಡೂ ಮಗ್ಗುಲಿಗೆ ಬಣ್ಣ ಹಾಕುತ್ತಾರೆ. ಎಷ್ಟೋ ಗೊಂಬೆಗಳಿಗೆ ಕೈಕಾಲು ಆಡುವುದೇ ಇಲ್ಲ, ಇಡೀ ದೃಶ್ಯವನ್ನೇ ಒಂದು ತೊಗಲಿನಲ್ಲಿ ಕೊರೆದಿರುತ್ತಾರೆ. ಬಿಳಿ ಬಟ್ಟೆಗೆ ಒತ್ತಿ ಹಿಡಿದರೆ ಗೆರೆ ಸ್ಪಷ್ಟ, ಹಿಂದಕ್ಕೆ ಸರಿಸಿದರೆ ನೆರಳು ಹಿಗ್ಗಿ ಮಂಜಾಗುತ್ತದೆ. ಜೀವ ತುಂಬುವ ಅರ್ಧ ಕೆಲಸ ಹಿಂದಿನ ಎಣ್ಣೆ ದೀಪದ್ದು. ಗಾಳಿಗೆ ದೀಪ ನಡುಗಿದಾಗ ರಾವಣನ ಎದೆಯೂ ಏರಿಳಿಯುತ್ತದೆ. ಅದೇ ಜಾಗದಲ್ಲಿ ಕರೆಂಟಿನ ಬಲ್ಬು ಹಾಕಿದರೆ ಬಣ್ಣ ಚೆನ್ನಾಗಿ ಕಾಣುತ್ತದೆ, ಉಸಿರು ನಿಲ್ಲುತ್ತದೆ. ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಹಳ ತಡವಾಗಿ ಬಂತು ಅನ್ನಬೇಕು. ಪರದೆ, ಬೆಳಕು, ನೆರಳು, ಹಾಡು, ಮಾತು ಇವಿಷ್ಟನ್ನೂ ಒಂದೇ ಕುಟುಂಬ ಹೊತ್ತು ಊರೂರು ತಿರುಗುತ್ತಿದ್ದದ್ದು ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಮಾತು.

ಆಮೇಲೆ ಊರೂರು ತಿರುಗಿದ್ದು ಟೂರಿಂಗ್ ಟಾಕೀಸು, ಹಳೇ ಮೈಸೂರಿನವರ ಬಾಯಲ್ಲಿ ಬರೀ ಟೆಂಟು. ಟೆಂಟಿಗೆ ಹಗಲಿನಲ್ಲಿ ಕೆಲಸವಿಲ್ಲ, ಹೊತ್ತು ಮುಳುಗಬೇಕು. ಮೈಕಿನಲ್ಲಿ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿತೆಂದರೆ ಅರ್ಧ ದಾರಿಯಲ್ಲಿದ್ದವರು ಓಡಲು ಶುರುಮಾಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಅಂತ ಮೂರು ದರ. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂರುವುದು, ಹಿಂದಿನವರು ಬೈಯುವುದು, ಇದು ಮೊದಲ ರೀಲಿನ ಸಂಭಾಷಣೆ.

ಬಹಳ ಟೆಂಟುಗಳಲ್ಲಿ ಪ್ರೊಜೆಕ್ಟರ್ ಒಂದೇ. 2,000 ಅಡಿಯ ಸ್ಪೂಲು 22 ನಿಮಿಷ ಓಡುತ್ತದೆ. 14,000 ಅಡಿಗೆ 7 ಸ್ಪೂಲು, ನಡುವೆ 6 ನಿಲುಗಡೆ, ಅದರಲ್ಲೊಂದು ಇಂಟರ್‌ವಲ್. ಪೇಟೆಯ ಥಿಯೇಟರಿನಲ್ಲಿ ಎರಡು ಪ್ರೊಜೆಕ್ಟರ್. ರೀಲು ಮುಗಿಯಲು 8 ಸೆಕೆಂಡು ಇರುವಾಗ ಚಿತ್ರದ ಬಲ ಮೇಲ್ಮೂಲೆಯಲ್ಲಿ ಒಂದು ಚುಕ್ಕೆ ಹೊಳೆಯುತ್ತದೆ, ಎರಡನೇ ಯಂತ್ರದ ಮೋಟರ್ ಹಾಕು ಅಂತ. ಕೊನೆಯ ಸೆಕೆಂಡಿನಲ್ಲಿ ಇನ್ನೊಂದು ಚುಕ್ಕೆ, ಬದಲಾಯಿಸು ಅಂತ. ಟೆಂಟಿನಲ್ಲಿ ಆ ಚುಕ್ಕೆಗಳಿಗೆ ಕೆಲಸವಿರಲಿಲ್ಲ. ದೀಪ ಹತ್ತುತ್ತಿತ್ತು. ಕಡಲೆಕಾಯಿಯವನು, ಸೋಡಾದವನು ಒಳಗೆ ಬರುತ್ತಿದ್ದರು. ಆಪರೇಟರ್ ಸ್ಪೂಲು ಬದಲಿಸಿ, ಕಾರ್ಬನ್ ಕಡ್ಡಿ ನೋಡಿಕೊಳ್ಳುತ್ತಿದ್ದ. ಎರಡು ಕಡ್ಡಿಗಳ ನಡುವಿನ ಸಂದು ಕೆಲವೇ ಮಿಲಿಮೀಟರ್ ಇರಬೇಕು. ಕಡ್ಡಿ ಉರಿದು ಸಂದು ಅಗಲವಾದರೆ ಪರದೆ ಮಂಕಾಗುತ್ತದೆ, ಒಂದಕ್ಕೊಂದು ಅಂಟಿದರೆ ಬೆಳಕೇ ಕುಸಿಯುತ್ತದೆ, ಉರಿಯುವ ತುದಿ ಕನ್ನಡಿಯ ಎದುರಿನ ತನ್ನ ಜಾಗ ಬಿಟ್ಟು ಸರಿದರೆ ಅಂಚಿಗೆ ನೀಲಿ ಇಲ್ಲವೇ ಕಂದು ಬಣ್ಣ ಅಡರುತ್ತದೆ.

ಆ ಎರಡು ಮೂರು ನಿಮಿಷ ನೆಲದಲ್ಲಿ ಕೂತವರು ಮಾಡುತ್ತಿದ್ದದ್ದು ಮುಂದಿನ ರೀಲನ್ನು. ಅವನು ಇವಳ ಅಣ್ಣನೇ ಇರಬೇಕು, ಆ ಪತ್ರ ಮುದುಕಿಯ ಕೈಗೆ ಸಿಗುತ್ತದೆ ನೋಡು, ಇಲ್ಲ ಅದು ಬೆಂಕಿಗೆ ಬೀಳುತ್ತದೆ. ಕತೆ ನಿಂತಿದ್ದ ಹೊತ್ತಿನಲ್ಲೇ ಕತೆ ಅತಿ ಜೋರಾಗಿ ಓಡುತ್ತಿತ್ತು. ಅಡ್ಡಿಯಿಲ್ಲದೆ ನೋಡುವುದೇ ಒಳ್ಳೆಯ ಸಿನಿಮಾ ಅನುಭವ ಎಂದು ಈಗ ಮಾರುವವರು ಈ ನಿಲುಗಡೆಗಳನ್ನು ಬಡತನದ ಲೆಕ್ಕಕ್ಕೆ ಹಾಕುತ್ತಾರೆ. ಬಡತನ ಹೌದು. ಆದರೆ ಅದರಿಂದ ಆಗುತ್ತಿದ್ದ ಲಾಭವೂ ಲೆಕ್ಕದಲ್ಲಿರಲಿ.

ಟೆಂಟಿಗೆ ಪ್ರಿಂಟು ಬರುವ ಹೊತ್ತಿಗೆ ಅದು ಎಷ್ಟೋ ಊರು ಸುತ್ತಿ ಹೈರಾಣಾಗಿರುತ್ತಿತ್ತು. ತುಂಡಾದ ಫಿಲಂ ಜೋಡಿಸುವುದು ಹೀಗೆ: ಚಿತ್ರ ಮತ್ತು ಚಿತ್ರದ ನಡುವಿನ ಗೆರೆಯಲ್ಲೇ ಕತ್ತರಿಸಬೇಕು. ಒಂದು ತುದಿಯಲ್ಲಿ ಒಂದೆರಡು ಮಿಲಿಮೀಟರ್ ಅಗಲಕ್ಕೆ ಎಮಲ್ಷನ್ನನ್ನು (ಚಿತ್ರ ಮೂಡಿರುವ ಲೇಪವನ್ನು) ಬ್ಲೇಡಿನಿಂದ ಪೂರ್ತಿ ಕೆರೆಯಬೇಕು. ಸಿಮೆಂಟನ್ನು (ಗೋಡೆಯದ್ದಲ್ಲ, ಫಿಲಂನ್ನೇ ಕರಗಿಸಿ ಬೆಸೆಯುವ ದ್ರಾವಣ) ಒಂದೇ ಎಳೆತಕ್ಕೆ ಹಚ್ಚಿ, ತೂತಿಗೆ ತೂತು ಕೂರಿಸಿ, ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿಯಬೇಕು. ಎಮಲ್ಷನ್ ಉಳಿದರೆ ಜೋಡಣೆ ಬಿಟ್ಟುಕೊಳ್ಳುತ್ತದೆ. ಸಿಮೆಂಟು ಹೆಚ್ಚಾದರೆ ಫಿಲಂ ಮುರುಟಿ ಗೇಟಿನಲ್ಲಿ ಎಡವುತ್ತದೆ. ಗೆರೆ ತಪ್ಪಿ ಕತ್ತರಿಸಿದರೆ ನಾಯಕನ ಕಾಲು ಪರದೆಯ ಮೇಲ್ಭಾಗಕ್ಕೆ, ತಲೆ ಕೆಳಭಾಗಕ್ಕೆ. ಆಪರೇಟರ್ ಗುಬುಟು ತಿರುಗಿಸಿ ಸರಿಮಾಡುವ ತನಕ ಶಿಳ್ಳೆಯೋ ಶಿಳ್ಳೆ.

ಪ್ರತಿ ಜೋಡಣೆಗೂ ಒಂದೆರಡು ಚಿತ್ರ ನಷ್ಟ. ಫಿಲಂನಲ್ಲಿ ಮಾತಿನ ಜಾಡು ಚಿತ್ರದ ಪಕ್ಕದಲ್ಲೇ ಇದ್ದರೂ, ಆ ಚಿತ್ರದ ಮಾತು ಇರುವುದು ಸುಮಾರು 20 ಚಿತ್ರದಷ್ಟು ಮುಂದೆ, ಯಾಕೆಂದರೆ ಧ್ವನಿ ಓದುವ ದೀಪ ಗೇಟಿಗಿಂತ ಕೆಳಗಿದೆ. ಹಾಗಾಗಿ ಜೋಡಣೆ ಬಂದಾಗ ಮೊದಲು ಚಿತ್ರ ಹಾರುತ್ತದೆ, ಮುಕ್ಕಾಲು ಸೆಕೆಂಡು ದಾಟಿದ ಮೇಲೆ ಮಾತು ನುಂಗಿಹೋಗುತ್ತದೆ. ಒಂದು ಗಾಯಕ್ಕೆ ಎರಡು ನೋವು. ರೀಲಿನ ಮೊದಲು ಮತ್ತು ಕೊನೆಯ ಅಡಿಗಳೇ ಬೇಗ ಸವೆಯುವುದು. ಇದು ಗೊತ್ತಿದ್ದ ಸಂಕಲನಕಾರರು ರೀಲಿನ ಅಂಚಿನಲ್ಲಿ ಮುಖ್ಯ ಮಾತನ್ನೂ, ಮುಂದಿನ ರೀಲಿಗೆ ಚಾಚುವ ಸಂಗೀತವನ್ನೂ ಇಡುತ್ತಿರಲಿಲ್ಲ. ಅಲ್ಲಿ ಒಂದು ಬಾಗಿಲು ಮುಚ್ಚುವುದು, ಒಂದು ಬಸ್ಸು ಹೊರಡುವುದು, ಅಷ್ಟೇ. ಹೋದರೆ ಹೋಗಲಿ, ಜನ ತುಂಬಿಕೊಳ್ಳುತ್ತಾರೆ ಎಂಬ ಲೆಕ್ಕ.

ಜನ ತುಂಬಿಕೊಳ್ಳುವುದು ಎಷ್ಟರ ಮಟ್ಟಿಗೆ ಎಂದು ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ಪರೀಕ್ಷಿಸಿದ. ನಟ ಮೊಝುಖಿನ್‌ನ ಭಾವವಿಲ್ಲದ ಒಂದೇ ಮುಖ. ಅದರ ಪಕ್ಕಕ್ಕೆ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಹೆಂಗಸು. ನೋಡಿದವರು ಅವನ ಹಸಿವನ್ನು, ದುಃಖವನ್ನು, ಆಸೆಯನ್ನು ಕಂಡರಂತೆ. ಮುಖ ಬದಲಾಗಿರಲಿಲ್ಲ. ಎರಡು ಶಾಟುಗಳ ನಡುವಿನ ಸಂದಿನಲ್ಲಿ ನಟಿಸಿದವರು ಪ್ರೇಕ್ಷಕರು. ಕ್ಲೋಸಪ್ಪಿನಲ್ಲಿ ಹುಬ್ಬು, ಮೂಗು, ಗಲ್ಲ ಎಲ್ಲವನ್ನೂ ಒಟ್ಟಿಗೆ ಕುಣಿಸುವ ನಟರಿಗೆ ಯಾರಾದರೂ ಇದನ್ನು ಹೇಳಬೇಕು.

ಸಂಕಲನದ ದಿನಬಳಕೆಯ ಬುದ್ಧಿಯೂ ಇದೇ. ಮಗ ಊರು ಬಿಟ್ಟು ಬೆಂಗಳೂರಿಗೆ ಹೊರಟ ಅನ್ನುವುದಕ್ಕೆ ಟಿಕೆಟ್ಟು, ಕಂಡಕ್ಟರು, ಕಿಟಕಿ, ಹೆದ್ದಾರಿ ಯಾವುದೂ ಬೇಡ. ಅಮ್ಮ ಬ್ಯಾಗಿನ ಜಿಪ್ ಎಳೆಯುವ ಶಾಟು, ಅದರ ಕೊನೆಯ ಅರ್ಧ ಸೆಕೆಂಡಿಗೆ ಮೆಜೆಸ್ಟಿಕ್ಕಿನ ಗದ್ದಲ ಕೇಳಿಸಿ, ಆಮೇಲೆ ಮೆಜೆಸ್ಟಿಕ್. ನಡುವಿನ ರಾತ್ರಿ ಪಯಣವನ್ನು ನೋಡುವವರು ತಮ್ಮ ಜೇಬಿನಿಂದ ಹಾಕುತ್ತಾರೆ, ಮತ್ತು ಪ್ರತಿಯೊಬ್ಬರೂ ತಾವು ಕೂತು ಬಂದ ಬಸ್ಸನ್ನೇ ಹಾಕುತ್ತಾರೆ. ಯಾವ ನಿರ್ಮಾಪಕನಿಗೂ ಅಷ್ಟು ಬಸ್ಸು ಬಾಡಿಗೆಗೆ ತರಲು ಆಗುವುದಿಲ್ಲ. ಕತ್ತರಿಸುವುದು ಅತಿಯಾದರೂ ಕೆಡುತ್ತದೆ. ಯಾರು ಯಾವ ಕಡೆ ನಿಂತಿದ್ದಾರೆ ಎಂಬ ದಿಕ್ಕು ತಪ್ಪಿದರೆ ನೋಡುವವರು ಕತೆ ತುಂಬುವುದು ಬಿಟ್ಟು ನಕಾಶೆ ಹುಡುಕಲು ತೊಡಗುತ್ತಾರೆ. ಹೆಚ್ಚಾಗಿ ನಡೆಯುವ ತಪ್ಪು ಮಾತ್ರ ಇದರ ಉಲ್ಟಾ: 10 ನಿಮಿಷದ ಹಿಂದೆ ಕಂಡದ್ದನ್ನೇ ಮತ್ತೆ ಫ್ಲ್ಯಾಷ್‌ಬ್ಯಾಕಿನಲ್ಲಿ ತೋರಿಸುವುದು, ತೋರಿಸಿದ್ದನ್ನು ಮಾತಿನಲ್ಲಿ ಹೇಳಿಸುವುದು, ಹೇಳಿಸಿದ್ದನ್ನು ಪಿಟೀಲಿನಲ್ಲಿ ಅಳಿಸುವುದು. (ಟಿವಿ ಧಾರಾವಾಹಿಗಳನ್ನು ಈ ವಿಷಯಕ್ಕೆ ಬೈಯುವುದು ನ್ಯಾಯವಲ್ಲ. ಒಗ್ಗರಣೆ ಹಾಕುತ್ತ ಕೇಳಿಸಿಕೊಳ್ಳುವವರಿಗೆಂದೇ ಮಾಡಿದ ರೇಡಿಯೋ ಅವು, ಚಿತ್ರ ಜೊತೆಗೆ ಬಂದಿದೆ ಅಷ್ಟೇ.)

ಪರದೆಯೇ ಇಲ್ಲದ ಕತೆಯಲ್ಲಿ ಈ ಪಾಲುಗಾರಿಕೆ ಇನ್ನೂ ಬಿಚ್ಚುಬಿಚ್ಚಾಗಿತ್ತು. ಅಜ್ಜಿ ಕತೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆ ನಿಲ್ಲುತ್ತದೆ. ಮಕ್ಕಳು ನಿದ್ದೆಹೋದರೇ ಅಂತ ತಿಳಿಯುವ ಉಪಾಯ ಅದು ಹೌದು, ಜೊತೆಗೆ ಹೇಳುವವರಿಗೆ ತಾಳವೂ ಹೌದು. ಹೂಂ ಬೇಗ ಬಂದರೆ ಕತೆಗೆ ಓಟ, ತಡವಾಗಿ ಬಂದರೆ ಅಲ್ಲೊಂದು ವಿವರ ಸೇರಬೇಕು ಅಂತ ಅರ್ಥ.

ಗೋವಿನ ಹಾಡನ್ನೇ ನೋಡಿ. ಪುಣ್ಯಕೋಟಿ ಮಾತು ಕೊಟ್ಟು ದೊಡ್ಡಿಗೆ ಹೋಗುತ್ತಾಳೆ, ಕರುವಿಗೆ ಹಾಲೂಡಿಸುತ್ತಾಳೆ, ಈ ತಬ್ಬಲಿಯನ್ನು ನೋಡಿಕೊಳ್ಳಿ ಅಂತ ಉಳಿದ ಹಸುಗಳನ್ನು ಬೇಡಿಕೊಳ್ಳುತ್ತಾಳೆ. ಅಷ್ಟು ಹೊತ್ತು ಹುಲಿ ಏನು ಮಾಡುತ್ತಿತ್ತು? ಹಾಡು ಒಂದು ಮಾತೂ ಆಡುವುದಿಲ್ಲ. ಗವಿಯ ಮುಂದೆ ಹಸಿದು ಕೂತ ಹುಲಿಯನ್ನು ಕೇಳುವವರು ತಲೆಯಲ್ಲಿ ಇಟ್ಟುಕೊಂಡೇ ದೊಡ್ಡಿಯ ಮಾತುಗಳನ್ನು ಕೇಳಬೇಕು. ಕರುವಿನ ಒಂದೊಂದು ಪ್ರಶ್ನೆಯೂ ಅಷ್ಟು ಭಾರ ತೂಗುವುದು ಅದಕ್ಕೇ. ಕೊನೆ ಗೊತ್ತಿಲ್ಲದವರು ಯಾರೂ ಇಲ್ಲ, ಆದರೂ ಗಂಟಲು ಕಟ್ಟುತ್ತದೆ. ಮುಂದೇನು ಎಂಬ ಕುತೂಹಲವೇ ಕತೆಯ ಜೀವಾಳವಾಗಿದ್ದರೆ ಇದು ಆಗಬಾರದಿತ್ತು. 1934ರಲ್ಲಿ ತೆರೆಗೆ ಬಂದ ಮೊದಲ ಕನ್ನಡ ಟಾಕಿ ‘ಸತಿ ಸುಲೋಚನಾ’ ಆರಿಸಿಕೊಂಡದ್ದೂ ಇಂದ್ರಜಿತುವಿನ ಹೆಂಡತಿಯ ಕತೆಯನ್ನು, ಇಂದ್ರಜಿತು ಉಳಿಯುವುದಿಲ್ಲ ಅಂತ ಊರಿಗೆಲ್ಲ ಗೊತ್ತಿದ್ದ ಕತೆಯನ್ನು. ಈಗಿನ ಸ್ಪಾಯ್ಲರ್ ಗಲಾಟೆ ನೋಡಿದರೆ ಆ ಜನ ನಕ್ಕಾರು. ಕೊನೆ ಗೊತ್ತಿದ್ದವರಿಗೆ ನಡುವಿನ ಸಂದುಗಳು ಇನ್ನೂ ಚೆನ್ನಾಗಿ ಕಾಣುತ್ತವೆ.

ಈಗ ಕ್ಯಾಬಿನ್ನಿನಲ್ಲಿ ಕಾರ್ಬನ್ ವಾಸನೆಯಿಲ್ಲ. ಸಿನಿಮಾ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದಿಂದಲೋ ಬರುತ್ತದೆ. ಅದನ್ನು ತೆರೆಯಲು ಬೇರೆ ಡಿಜಿಟಲ್ ಕೀ, ಅದಕ್ಕೆ ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಅಂತ ಗಡುವು. ಕೀ ಬರದಿದ್ದರೆ ಎಷ್ಟೇ ಶಿಳ್ಳೆ ಹೊಡೆದರೂ ಆಟ ಶುರುವಾಗುವುದಿಲ್ಲ. ಆ ಮಟ್ಟಿಗೆ, ಒಂದೇ ಪ್ರಿಂಟನ್ನು ಎರಡು ಥಿಯೇಟರಿನವರು ಹಂಚಿಕೊಂಡು, ರೀಲಿನ ಡಬ್ಬವನ್ನು ಸೈಕಲ್ಲಿನಲ್ಲಿ ಸಾಗಿಸುತ್ತಿದ್ದ ಕಾಲಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇಲ್ಲದಿರುವುದು ಶಟರ್. ಡಿಜಿಟಲ್ ಪರದೆಗೆ ಆ ಅರ್ಧ ಹೊತ್ತಿನ ಕತ್ತಲೆಯಿಲ್ಲ. ಒಂದು ಚಿತ್ರ ಇನ್ನೊಂದು ಬರುವ ತನಕ ಬೆಳಗಿಕೊಂಡೇ ಇರುತ್ತದೆ.

ಅದರಿಂದೇನೂ ಮುಳುಗಿಹೋಗಿಲ್ಲ, ಶಾಟುಗಳ ನಡುವಿನ ಸಂದು ಇನ್ನೂ ಇದೆ. ಕೆಡುತ್ತಿರುವುದು ಆ ಸಂದನ್ನು ಬಳಸುವ ರೀತಿ. ಮನೆಯಲ್ಲಿ ಸಿನಿಮಾ ನೋಡುವಾಗ ಮಾತಿಲ್ಲದ ಹತ್ತು ಸೆಕೆಂಡು ಸಿಕ್ಕರೆ ಕೈ ಫೋನಿಗೆ ಹೋಗುತ್ತದೆ, ಇಲ್ಲವೇ ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತೇವೆ. ಕತೆಗಾರ ಬೇಕೆಂದೇ ಬಿಟ್ಟ ಜಾಗಕ್ಕೆ ಬೇರೆ ಯಾರದೋ ವಿಡಿಯೋ ಬಂದು ಕೂರುತ್ತದೆ. ಮಾಡುವವರಿಗೆ ಇದು ಗೊತ್ತಾಗಿ ಅವರೂ ಜಾಗ ಬಿಡುವುದನ್ನು ನಿಲ್ಲಿಸುತ್ತಿದ್ದಾರೆ, ಎಲ್ಲವನ್ನೂ ಎರಡು ಸಲ ಹೇಳುತ್ತಾರೆ. ಹೂಂಗುಟ್ಟುವವರು ನಿದ್ದೆಹೋದದ್ದು ತಿಳಿದೂ ಅಜ್ಜಿ ದನಿಯೇರಿಸಿ ಹೇಳುತ್ತಲೇ ಇದ್ದ ಹಾಗೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕತೆಗಳಲ್ಲಿ ಒಬ್ಬ ಹೆಂಗಸು ಬರುತ್ತಾಳೆ. ಅವಳಿಗೆ ಒಂದು ಕತೆ, ಒಂದು ಹಾಡು ಗೊತ್ತು, ಯಾರಿಗೂ ಹೇಳಲೊಲ್ಲಳು. ಒಳಗೇ ಕೂತು ಉಸಿರುಗಟ್ಟಿದ ಅವೆರಡೂ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬೀಳುತ್ತವೆ. ಕತೆ ಒಂದು ಜೊತೆ ಚಪ್ಪಲಿಯಾಗಿ ಹೊಸ್ತಿಲ ಹೊರಗೆ ಕೂರುತ್ತದೆ, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬೀಳುತ್ತದೆ. ಗಂಡ ಬಂದು ಯಾರು ಬಂದಿದ್ದರು ಅನ್ನುತ್ತಾನೆ, ಇವಳು ಯಾರೂ ಇಲ್ಲ ಅನ್ನುತ್ತಾಳೆ. ಜಗಳವಾಗಿ ಅವನು ಕಂಬಳಿ ಎತ್ತಿಕೊಂಡು ಹನುಮಂತನ ಗುಡಿಗೆ ಮಲಗಲು ಹೋಗುತ್ತಾನೆ. ರಾತ್ರಿ ಊರಿನವರು ದೀಪ ಆರಿಸಿದ ಮೇಲೆ ಜ್ಯೋತಿಗಳೆಲ್ಲ ಆ ಗುಡಿಗೆ ಬಂದು ಸೇರಿ ಹರಟೆ ಹೊಡೆಯುವುದು ರೂಢಿ. (ಕಾರ್ನಾಡರು ‘ನಾಗಮಂಡಲ’ದಲ್ಲಿ ಈ ಜ್ಯೋತಿಗಳನ್ನೇ ರಂಗಕ್ಕೆ ತಂದರು.) ಒಂದು ಜ್ಯೋತಿ ಮಾತ್ರ ತಡವಾಗಿ ಬರುತ್ತದೆ. ಯಾಕೆ ತಡ ಅಂದರೆ, ನಮ್ಮ ಮನೆಯಲ್ಲಿ ಗಂಡಹೆಂಡಿರ ಜಗಳ, ದೀಪ ಆರಿಸುವುದು ಹೊತ್ತಾಯಿತು ಅಂತ ನಡೆದದ್ದೆಲ್ಲ ಹೇಳುತ್ತದೆ. ಗಂಡ ಕತ್ತಲಲ್ಲಿ ಕೂತು ಎಲ್ಲ ಕೇಳಿಸಿಕೊಂಡ. ಬೆಳಗಾಗುತ್ತಲೇ ಮನೆಗೆ ಹೋಗಿ ಆ ಕತೆ ಯಾವುದು, ಆ ಹಾಡು ಯಾವುದು ಅಂತ ಹೆಂಡತಿಯನ್ನು ಕೇಳಿದ.

ಯಾವ ಕತೆ, ಯಾವ ಹಾಡು ಅಂದಳು. ಅವಳಿಗೆ ಎರಡೂ ಮರೆತುಹೋಗಿದ್ದವು.